ಕಾಯಿ ಕೇಳುವ ಯಜಮಾನರು

ಯಾವ ವಸ್ತುವನ್ನು ಕೈಗೆ ಕೊಟ್ಟರೂ ಅವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಬೆಂಕಿಪೊಟ್ಟಣ, ಬೀಗ, ಊಟದ ಡಬ್ಬಿ, ಯಾವುದಾದರೂ ಸರಿ. ನಾನು ಮೊದಲ ಸಲ ಕೆಮ್ಮಿನ ಔಷಧದ ಬಾಟಲಿ ಕೊಟ್ಟಾಗ ಅದನ್ನೂ ಬಲಗಿವಿಯ ಪಕ್ಕಕ್ಕೆ ಒಯ್ದು, ಎರಡು ಸಲ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳಿ, "ಇನ್ನೂ ಹಸಿ ಐತೆ ನರ್ಸಮ್ಮ" ಎಂದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನು ನಗಲಿಲ್ಲ. ಕೆಲಸದ ಹೊತ್ತಿನಲ್ಲಿ ನಗಬಾರದೆಂದು ನಮಗೆ ತರಬೇತಿಯಲ್ಲೇ ಕಲಿಸಿದ್ದರು. "ದಿನಕ್ಕೆ ಮೂರು ಸಲ, ಊಟವಾದ ಮೇಲೆ, ಒಂದೊಂದು ಚಮಚ. ಮುಂದಿನವರು ಬನ್ನಿ" ಎಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ನಂಬಿ ಹೇಳಿದ ಒಂದು ಗುಟ್ಟನ್ನು ನಾನು ಒಮ್ಮೆ ಉಳಿಸಿಕೊಳ್ಳಲಿಲ್ಲ. ಹೆಸರನ್ನಾದರೂ ಉಳಿಸಿಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ತುರುವೇಕೆರೆಗೂ ನೊಣವಿನಕೆರೆಗೂ ನಡುವಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್ ಆಗಿದ್ದೆ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು, ಉಳಿದ ದಿನ ನಾನೇ. ಅದೇ ಊರಿನ ಈ ಹಿರಿಯರನ್ನು ಸುತ್ತಿನ ಹತ್ತು ಹಳ್ಳಿಯವರು 'ಕಾಯಿ ಕೇಳೋ ಯಜಮಾನ್ರು' ಎಂದು ಕರೆಯುತ್ತಿದ್ದರು. ಹೊಸದಾಗಿ ವರ್ಗವಾಗಿ ಬಂದ ನಾನು, ಪಾಪ, ಮನೆಮನೆಗೆ ಹೋಗಿ ತೆಂಗಿನಕಾಯಿ ಬೇಡುವವರೇನೋ ಎಂದುಕೊಂಡಿದ್ದೆ. ಅವರ ಹತ್ತಿರವೇ ಹಾಗೆಂದು ಹೇಳಿಬಿಟ್ಟಿದ್ದೆ. ಹೆಗಲ ಮೇಲಿನ ಟವಲ್ಲಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಬೇಡೋದಲ್ಲ ಕಣವ್ವ. ಕಾಯಿ ಮಾತಾಡ್ತದೆ, ನಾನು ಕೇಳುಸ್ಕತೀನಿ" ಎಂದರು.

ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲಗೆ ಇಂಗುತ್ತದೆ. ತಿರುಳು ಒಣಗಿ, ಚಿಪ್ಪನ್ನು ಬಿಟ್ಟು, ಕತ್ತಲಲ್ಲೇ ಒಂದು ಉಂಡೆಯಾಗಿ ಉರುಳಾಡತೊಡಗುತ್ತದೆ. ಅದೇ ಉಂಡೆ ಕೊಬ್ಬರಿ. ಒಂದು ವಾರ ಮುಂಚೆ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ. ಸಿಪ್ಪೆ, ಚಿಪ್ಪು ಎರಡರ ಒಳಗೆ ನಡೆಯುವ ಈ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಕಿವಿಯೇ ಹೇಳಬೇಕು. ಅಲ್ಲಾಡಿಸಿದಾಗ ಕುಳುಕುಳು ಎಂದರೆ ಹಸಿ. ಗಡಗಡ ಎಂದರೆ ಒಣಗಿದೆ, ಬಿಟ್ಟಿದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕುಳುಕುಳು ನಿಂತು ಗಡಗಡ ಶುರುವಾಗುವ ನಡುವೆ ಒಂದು ತಿಂಗಳಿದೆ. ಆ ತಿಂಗಳಿನ ಸದ್ದು ಅವರೊಬ್ಬರಿಗೇ ಗೊತ್ತಿತ್ತು.

ಒಮ್ಮೆ ಬಾಣಂತಿಯನ್ನು ನೋಡಲು ಹೋದ ಮನೆಯಲ್ಲಿ ಅವರು ಅಟ್ಟದ ಮೇಲಿದ್ದರು. ಏಣಿ ಹತ್ತಿ ಇಣುಕಿದೆ. ಗಾಜಿನ ಹೆಂಚಿನಿಂದ ಒಂದೇ ಒಂದು ಬಿಸಿಲಕೋಲು ಇಳಿದಿತ್ತು. ಅದರಲ್ಲಿ ನಾರಿನ ಧೂಳು ನಿಧಾನವಾಗಿ ತೇಲುತ್ತಿತ್ತು. ಕೆಳಗಿನ ಒಲೆಯ ಹೊಗೆ ಹಲಗೆಗಳ ಸಂದಿನಿಂದ ಎಳೆಎಳೆಯಾಗಿ ಏರಿ ಕಾಯಿರಾಶಿಯ ಮೇಲೆ ಮಲಗುತ್ತಿತ್ತು. ಆ ಮಬ್ಬಿನಲ್ಲಿ ಅವರು ಕಣ್ಣು ಮುಚ್ಚಿ ಕುಳಿತು, ಒಂದೊಂದೇ ಕಾಯಿಯನ್ನು ಎತ್ತಿ, ಕೇಳಿ, ಕೆಲವನ್ನು ಎಡಕ್ಕೆ ಕೆಲವನ್ನು ಬಲಕ್ಕೆ ಇಡುತ್ತಿದ್ದರು. ತೊಟ್ಟಿಲ ಮಗುವನ್ನು ಮಗ್ಗುಲು ಬದಲಾಯಿಸಿದಷ್ಟು ಮೃದುವಾಗಿ. ನಾನು ಗಡಿಯಾರ ನೋಡಿಕೊಂಡು ಬದುಕಿದವಳು. ಅಂದು ಎಷ್ಟು ಹೊತ್ತು ಏಣಿಯ ಮೇಲೆ ನಿಂತಿದ್ದೆನೋ ನನಗೆ ತಿಳಿಯದು.

ಒಂದು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅವರು ಕೇಂದ್ರದ ಜಗಲಿಯ ಮೇಲೆ ಕುಳಿತಿದ್ದರು. ಹಿಂದಿನ ದಿನ ಒಂದು ಮನೆಯಲ್ಲಿ ಅವರ ಮಾತಿನಂತೆ ರಾಶಿ ಒಡೆದಿದ್ದರು. ಅರ್ಧಕ್ಕರ್ಧ ಕಾಯಿ ಇನ್ನೂ ಕಚ್ಚಿಕೊಂಡಿತ್ತು, ಕೊಬ್ಬರಿ ಚೂರುಚೂರಾಯಿತು. ಮನೆಯವರು ಒಂದು ಮಾತೂ ಆಡದೆ ಕಾಫಿ ಕೊಟ್ಟು ಕಳಿಸಿದ್ದರು.

"ಬೈದಿದ್ರೆ ಚೆನ್ನಾಗಿತ್ತು ನರ್ಸಮ್ಮ. ಕಾಫಿ ಕೊಟ್ರು" ಎಂದರು. "ಕಿವೀಗೆ ಏನಾರ ಬುಡಿ."

ಟಾರ್ಚ್ ಹಾಕಿ ನೋಡಿದೆ. ಎರಡೂ ಕಿವಿ ಶುಭ್ರವಾಗಿದ್ದವು. ಬಿಡುವುದಕ್ಕೆ ಏನೂ ಇರಲಿಲ್ಲ. ತುಮಕೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಅಲ್ಲಿ ಕವಲಿರುವ ಒಂದು ಉಕ್ಕಿನ ತುಂಡನ್ನು ಮಿಡಿದು ಕಿವಿಯ ಹತ್ತಿರ ಹಿಡಿದರಂತೆ. ಇವರು ಅದನ್ನು ಡಾಕ್ಟರ ಕೈಯಿಂದ ಇಸಿದುಕೊಂಡು ತಾವೇ ಹಿಡಿದು ನೋಡಿ, "ಕಿವಿಗಿಂತ ಬೆರಳಿಗೇ ಚೆನ್ನಾಗಿ ಕೇಳ್ತದಲ್ಲ ಸ್ವಾಮಿ!" ಎಂದರಂತೆ. ಡಾಕ್ಟರು ಬರೆದು ಕಳಿಸಿದ್ದು ಒಂದೇ ಸಾಲು. ವಯಸ್ಸಿನಿಂದ ನರ ಸೋತಿದೆ, ಔಷಧವಿಲ್ಲ.

ನಾನು ಅದನ್ನು ಹಾಗೆಯೇ ಓದಿ ಹೇಳಿದೆ. ರೋಗಿಗೆ ಸುಳ್ಳು ಭರವಸೆ ಕೊಡಬಾರದು. ಅವರು ಚೀಟಿಯನ್ನು ಮಡಿಸಿ, ಬೆಳ್ಳಿಯ ಸುಣ್ಣಕಾಯಿಯ ಜೊತೆ ಜೇಬಿಗೆ ಹಾಕಿಕೊಂಡರು. ಸುಣ್ಣ ಇಡುವ ಆ ಪುಟ್ಟ ಡಬ್ಬಿ ತೀರಿಹೋದ ಹೆಂಡತಿಯದು. ಎದ್ದು ನಿಂತವರು ಬಾಗಿಲ ತನಕ ಹೋಗಿ ತಿರುಗಿ ಬಂದರು.

"ಯಾರ್ಗೂ ಹೇಳ್ಬೇಡಿ. ಕಿವಿ ಹೋಯ್ತು ಅಂದ್ರೆ ಅಟ್ಟ ಹತ್ಸಲ್ಲ. ಅಟ್ಟ ಹತ್ತದಿದ್ರೆ ನಾನು ಯಾರು?"

"ಹೇಳುವುದಿಲ್ಲ" ಎಂದೆ. ರೋಗಿಯ ವಿಷಯ ಹೊರಗೆ ಹೇಳುವುದಿಲ್ಲವೆಂದು ನಾನು ಪ್ರಮಾಣ ಮಾಡಿದವಳು. ಅದರಲ್ಲಿ ನನಗೆ ಬಹಳ ಹೆಮ್ಮೆಯಿತ್ತು.

ಆ ಕಾರ್ತಿಕದಲ್ಲಿ ತಿಪಟೂರಿನಿಂದ ಯಾತ್ರೆಯ ಬಸ್ಸು ಹೊರಟಿತು. ನಿವೃತ್ತ ಮೇಷ್ಟ್ರೊಬ್ಬರು ಪ್ರತಿವರ್ಷ ಕಾಶಿಗೆ ಕರೆದುಕೊಂಡು ಹೋಗುತ್ತಿದ್ದರು. ಆ ವರ್ಷ ಮುಂದಕ್ಕೆ ನೇಪಾಳಕ್ಕೂ ಹೋಗುವುದೆಂದಾಯಿತು. ಮೂವತ್ತೆಂಟು ಜನ. ವಯಸ್ಸಾದವರೇ ಹೆಚ್ಚು, ಆದ್ದರಿಂದ ಒಬ್ಬ ನರ್ಸ್ ಇರಲೆಂದು ನನ್ನನ್ನು ಕರೆದರು. ರಜೆ ಹಾಕಿದೆ. ಯಜಮಾನರೂ ಹೆಸರು ಕೊಟ್ಟಿದ್ದರು. ಪಶುಪತಿಯನ್ನು ನೋಡಬೇಕು ಎಂದರು. ಬೇರೆ ಕಾರಣವೂ ಇತ್ತೆಂದು ನನಗೆ ಆಗ ಗೊತ್ತಿರಲಿಲ್ಲ. ನೇಪಾಳದಲ್ಲಿ ಮುಚ್ಚಿದ ಕಿವಿ ಬಿಡಿಸುವವರಿದ್ದಾರೆ ಎಂದು ಇಂಗು ಮಾರಲು ಬಂದವನೊಬ್ಬ ಹೇಳಿದ್ದನಂತೆ.

ಪರದೇಶದಲ್ಲಿ ಕಳ್ಳತನ ಜಾಸ್ತಿ ಎಂದು ಕೇಳಿದ್ದೆ. ಹೊರಡುವ ಮೊದಲೇ ಎಲ್ಲರ ಚೀಲಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದೆ. ಹೊರಡುವಾಗ, ನಿಂತಾಗ, ಮತ್ತೆ ಹೊರಡುವಾಗ ತಲೆ ಎಣಿಸುವುದು, ಚೀಲ ಎಣಿಸುವುದು. ಯಜಮಾನರದು ಇಪ್ಪತ್ತಮೂರು. ಅವರ ಚೀಲದಲ್ಲಿ ದಾರಿಯ ದೇವರುಗಳಿಗೆಂದು ಸುಲಿದು ಜುಟ್ಟು ಬಿಟ್ಟ ಏಳು ತೆಂಗಿನಕಾಯಿ ಇದ್ದವು.

"ಇವುಕ್ಕೂ ನಂಬರ್ ಹಾಕಿ ನರ್ಸಮ್ಮ, ಇವೂ ಯಾತ್ರೆಗೇ ಬರ್ತಾವೆ" ಎಂದು ತಮಾಷೆ ಮಾಡಿದರು.

ನಾನು ಹಾಕಿಯೇ ಬಿಟ್ಟೆ. ದೇವರಿಗೆ ಕೊಡುವ ಕಾಯಿ, ಕಣ್ಣಿಗೆ ಕಾಣದಿರಲಿ ಎಂದು ಜುಟ್ಟನ್ನು ಸರಿಸಿ, ಕಾಯಿಯ ಕಣ್ಣಿನ ಪಕ್ಕ ಸಣ್ಣದಾಗಿ ೨೩ ಎಂದು ಬರೆದೆ.

ನನ್ನ ನಂಬರುಗಳನ್ನು ಕಳ್ಳರು ಓದಲಿಲ್ಲ. ಗಡಿ ದಾಟಿ ಟೀ ಕುಡಿಯಲು ನಿಂತಾಗ ಒಬ್ಬ ಬಂದು ಹಿಂದಿನ ಚಕ್ರ ತೋರಿಸಿ ಗಾಳಿ ಹೋಗುತ್ತಿದೆ ಎಂದ. ಗಂಡಸರೆಲ್ಲ ಇಳಿದು ಚಕ್ರದ ಸುತ್ತ ಬಗ್ಗಿ ನಿಂತರು. ಚಕ್ರಕ್ಕೆ ಏನೂ ಆಗಿರಲಿಲ್ಲ. ಅಷ್ಟರಲ್ಲಿ ಮುಂದಿನ ಬಾಗಿಲಿನಿಂದ ಅಡುಗೆ ಶಿವಣ್ಣನ ಚೀಲ ಹೋಗಿತ್ತು.

"ಏನಿತ್ತಪ್ಪಾ ಅದ್ರಾಗೆ?" ಎಂದು ಮೇಷ್ಟ್ರು ಕೇಳಿದರು.

"ಎರಡು ಪಂಚೆ, ಒಂದು ಈಳಿಗೆಮಣೆ, ಹದಿನೈದು ದಿನದ ಸಾರಿನಪುಡಿ. ಕಳ್ಳನ ಹೆಂಡ್ರು ಇವತ್ತು ಬಾಯಿ ಚಪ್ಪರಿಸ್ತಾಳೆ ಬುಡಿ ಸಾ. ನಾವು ತಿಳಿನೀರು ಕುಡಿಯೋದು."

ಮರುದಿನ ಗುಡ್ಡದ ಬುಡದ ಒಂದು ಪೇಟೆಯಲ್ಲಿ ಜಪಾನು ರೇಡಿಯೋ. ಮಾರುವವನು ಒಂದನ್ನು ಹಾಡಿಸಿ ತೋರಿಸಿದ. ಕೊಡುವಾಗ ಅಂಟು ಹಚ್ಚಿದ ಹೊಸ ಪೆಟ್ಟಿಗೆ ಕೊಟ್ಟ. ಮೇಷ್ಟ್ರು ಬಹಳ ಆಸೆಪಟ್ಟಿದ್ದರು. ಆದರೂ ಹುಷಾರಿನ ಮನುಷ್ಯ. ಪೆಟ್ಟಿಗೆಯನ್ನು ಯಜಮಾನರ ಕೈಗೆ ಕೊಟ್ಟು, "ನೀವೊಂದು ಸಲ ನೋಡಿ ಯಜಮಾನ್ರೇ" ಎಂದರು.

ಅವರು ಕಿವಿಗೆ ಹಿಡಿದು ಅಲ್ಲಾಡಿಸಿದರು. ಸುತ್ತ ನಿಂತ ನಮಗೂ ಕೇಳುವಷ್ಟು ಗಡಗಡ ಎಂದಿತು. ಯಜಮಾನರ ಮುಖ ಅರಳಿತು. "ಚೆನ್ನಾಗಿ ಬಿಟ್ಟೈತೆ ಮೇಷ್ಟ್ರೇ. ತಗಳಿ!"

ತೆಂಗಿನ ಸೀಮೆಯ ಅಷ್ಟೂ ಜನ ಸುತ್ತ ನಿಂತು ತಲೆದೂಗಿದೆವು. ಗಡಗಡ ಎಂದಮೇಲೆ ಇನ್ನೇನು? ರೇಡಿಯೋ ಗಡಗಡ ಎನ್ನಬಾರದು ಎಂದು ಒಬ್ಬರಿಗೂ ಹೊಳೆಯಲಿಲ್ಲ, ನನಗೂ ಸಹ. ಬಸ್ಸು ಎರಡು ಮೈಲಿ ಹೋದಮೇಲೆ ಪೆಟ್ಟಿಗೆ ಬಿಚ್ಚಿದರು. ಕಾಗದದಲ್ಲಿ ಸುತ್ತಿದ ಅರ್ಧ ಇಟ್ಟಿಗೆ, ಜೊತೆಗೆ ಒಂದು ಹಿಡಿ ಜಲ್ಲಿ.

"ರೇಡಿಯೋ ಹಣ್ಣಾಗಿ ಉದುರೋಗೈತೆ ಸಾ" ಎಂದ ಶಿವಣ್ಣ.

ಹಂದನಕೆರೆಯ ಪುಟ್ಟಮ್ಮ ಯಜಮಾನರ ಹಿಂದಿನ ಸೀಟಿನಲ್ಲಿದ್ದಳು. ಗಂಡ ಹೋದಮೇಲೆ ತೋಟವನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸು, ಬಾಯಿ ಜೋರು. "ದೊಡ್ಡಪ್ಪಾ, ಊರಿಗೋದ ಮೇಲೆ ನಮ್ಮ ಅಟ್ಟ ನೋಡಕ್ಕೆ ನಿಮ್ಮನ್ನೇ ಕರೀಬೇಕು ಅಂತಿದ್ದೆ. ಕೊಬ್ಬರಿ ಬದ್ಲು ಇಟ್ಟಿಗೆ ಒಡಸೀರ ಮತ್ತೆ!"

ಬಸ್ಸೆಲ್ಲ ನಕ್ಕಿತು. ಯಜಮಾನರೂ ನಕ್ಕರು, ಆದರೆ ಒಂದು ಕ್ಷಣ ತಡವಾಗಿ, ಉಳಿದವರ ಮುಖ ನೋಡಿಕೊಂಡು. ಪುಟ್ಟಮ್ಮನ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಾಯಿತು. ಆಮೇಲೆ ಪಕ್ಕದವರು ತಮಾಷೆಗೆ ಅದನ್ನೇ ಅವರತ್ತ ಬಗ್ಗಿ ತಿರುಗಿ ಹೇಳಿದಾಗ ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಅಲ್ಲಿಂದ ಮುಂದೆ ದಾರಿ ಗುಡ್ಡವನ್ನು ಸುತ್ತುತ್ತ ಏರುತ್ತದೆ. ಬಯಲು ಸೀಮೆಯವರಾದ ನಮಗೆ ಭೂಮಿ ಹೀಗೆ ಎದ್ದು ನಿಲ್ಲುತ್ತದೆಂದೇ ಗೊತ್ತಿರಲಿಲ್ಲ. ಕೆಳಗೆ ಒಂದು ಹೊಳೆ ಬಿಳಿ ದಾರದಂತೆ ಬಿದ್ದಿತ್ತು. ತಿರುವಿನಲ್ಲೆಲ್ಲ ಮಂಜು ಒಳಗೆ ಬಂದು ಸೀಟುಗಳ ನಡುವೆ ನಡೆದಾಡಿ ಇನ್ನೊಂದು ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಹರಟೆ ಒಂದೊಂದಾಗಿ ನಿಂತಿತು. ಅರ್ಧ ನಿದ್ದೆಯಲ್ಲಿ ತೂಗುವ ತಲೆಗಳನ್ನು ಎಣಿಸಲು ಹೋದೆ. ಹದಿನೇಳಕ್ಕೆ ತಪ್ಪಿತು, ಮತ್ತೆ ಎಣಿಸಲಿಲ್ಲ. ಕಾಯಿ ತುಂಬಿದ ಅಟ್ಟವೇ ಮೋಡದ ಮೇಲೆ ತೇಲಿಕೊಂಡು ಹೋಗುತ್ತಿದೆ ಅನ್ನಿಸಿತು. ಯಜಮಾನರು ಮಾತ್ರ ಎಚ್ಚರವಾಗಿದ್ದರು. ಕಿಟಕಿಯ ಸರಳಿಗೆ ಅಂಗೈ ಆನಿಸಿ, ಬಸ್ಸಿನ ನಡುಕವನ್ನು ಓದುವವರಂತೆ ಕೂತಿದ್ದರು.

ಪೋಖರಾದಲ್ಲಿ ಒಂದು ದೊಡ್ಡ ಕೆರೆಯಿದೆ. ಬೆಳಿಗ್ಗೆ ಅಲ್ಲಿಗೆ ಹೋದೆವು. ನೀರು ಅಲ್ಲಾಡುತ್ತಿರಲಿಲ್ಲ. ಹಿಮದ ಬೆಟ್ಟ ತಲೆಕೆಳಗಾಗಿ ಅದರೊಳಗೆ ನಿಂತಿತ್ತು. ಒಂಬತ್ತೂವರೆಗೆ ತಲೆ ಎಣಿಸಿದೆ. ಮೂವತ್ತೇಳು. ಇಲ್ಲದವರು ಯಾರೆಂದು ಎಣಿಸದೆಯೂ ಗೊತ್ತಾಯಿತು.

ಕೆರೆಯ ದಂಡೆಯ ಮೇಲೆ ಹುಡುಕುತ್ತ ಹೋದೆ. ಒಂದು ಆಲದ ಮರದ ಹಿಂದೆ ಯಜಮಾನರು ಕಲ್ಲಿನ ಮೇಲೆ ತಲೆ ವಾಲಿಸಿ ಕುಳಿತಿದ್ದರು. ಎದುರಿಗೆ ಕೆಂಪು ಟೋಪಿಯವನೊಬ್ಬ, ತೊಡೆಯ ಮೇಲೆ ಸಣ್ಣ ಪೆಟ್ಟಿಗೆ, ಕೈಯಲ್ಲಿ ಉದ್ದನೆಯ ತೆಳು ಚಿಮುಟ. ಕಿವಿ ಶುದ್ಧ ಮಾಡುವವನು. ಎಣ್ಣೆ ಬಿಟ್ಟ. ಏನೋ ಗುನುಗಿದ. ಚಿಮುಟವನ್ನು ಕಿವಿಯೊಳಗೆ ಇಳಿಸಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಹೊರಗೆಳೆದ. ಅದರ ತುದಿಯಲ್ಲಿ ತೊಗರಿಬೇಳೆಯಷ್ಟು ದಪ್ಪದ ಒಂದು ಕರಿಯ ಕಲ್ಲು.

ಯಜಮಾನರು ಅದನ್ನು ನೋಡಿದ ನೋಟವನ್ನು ನಾನು ಎಷ್ಟೋ ಸಲ ಹೆರಿಗೆಯ ಕೋಣೆಯ ಬಾಗಿಲಲ್ಲಿ ಕಂಡಿದ್ದೇನೆ. ಜೇಬಿಗೆ ಕೈಹಾಕಿ ಬೆಳ್ಳಿಯ ಸುಣ್ಣಕಾಯಿಯನ್ನು ತೆಗೆದು ಅವನ ಅಂಗೈಗೆ ಇಟ್ಟರು.

ನಾನು ಹೋಗಿ ಅವನ ಮಣಿಕಟ್ಟು ಹಿಡಿದೆ. ಚುಚ್ಚುಮದ್ದಿಗೆ ಹೆದರುವ ಮಕ್ಕಳ ಕೈ ಹಿಡಿದು ನನಗೆ ಅಭ್ಯಾಸವಿದೆ, ಅವನಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಅವನ ಅಂಗಿಯ ತೋಳಿನ ಮಡಿಕೆ ಬಿಚ್ಚಿದೆ. ಮಡಿಕೆಯೊಳಗಿಂದ ಅಂಥವೇ ಮೂರು ಕರಿಯ ಕಲ್ಲು ಬಿದ್ದವು. ಸುಣ್ಣಕಾಯಿಯನ್ನು ಕಿತ್ತು ಯಜಮಾನರ ಕೈಗಿಟ್ಟೆ. ಅವನು ಪೆಟ್ಟಿಗೆ ಎತ್ತಿಕೊಂಡು ಓಡಿದ. ಅಲ್ಲಿಗೆ ಕೆಲಸ ಮುಗಿದಿತ್ತು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು.

"ನೋಡಿದಿರಾ?" ಎಂದೆ. ಅವರು ಕಿವಿಯ ಹಿಂದೆ ಕೈಯಿಟ್ಟರು, ಕೇಳಿಸಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಇನ್ನೂ ಗಟ್ಟಿಯಾಗಿ ಹೇಳಿದೆ, ಕೊನೆಗೆ ಕೂಗಿದೆ. "ನಿಮ್ಮ ಕಿವಿಯಲ್ಲಿ ಕಲ್ಲೂ ಇಲ್ಲ, ಮಣ್ಣೂ ಇಲ್ಲ! ನರ ಸೋತಿದೆ! ತುಮಕೂರಲ್ಲಿ ಹೇಳಲಿಲ್ವಾ? ಕೇಳಿಸುವುದಿಲ್ಲ ಅಂದರೆ ಕೇಳಿಸುವುದಿಲ್ಲ!"

ಕೆರೆಯ ಆಚೆ ದಡದಿಂದ ನನ್ನ ಮಾತೇ ತಿರುಗಿ ಬಂತು. ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಸೀರೆಯ ಅಂಚು ನೆನೆಸಿಕೊಂಡು, ತೀರ್ಥಕ್ಕೆಂದು ಕೆರೆನೀರು ತುಂಬಿದ ತಂಬಿಗೆ ಹಿಡಿದು ಪುಟ್ಟಮ್ಮ ನಿಂತಿದ್ದಳು.

"ಮೆಲ್ಲಗೆ ನರ್ಸಮ್ಮ" ಎಂದರು ಯಜಮಾನರು. ಅಷ್ಟೇ.

ಬಗ್ಗಿ, ತಮ್ಮ ಕಿವಿಯಿಂದ 'ಬಂದ' ಕಲ್ಲನ್ನು ಹುಲ್ಲಿನಿಂದ ಆರಿಸಿ ಜೇಬಿಗೆ ಹಾಕಿಕೊಂಡರು. ಬಸ್ಸಿನ ಕಡೆ ನಡೆಯುವಾಗ ತಾವೇ ಹೇಳಿದರು. "ಎಣ್ಣೆ ಬಿಟ್ಟಾಗ ಒಂದು ಗಳಿಗೆ ಕಿವಿ ತುಂಬಾ ನೀರಿನ ಸದ್ದು. ಕೆರೆ ಕೋಡಿ ಬಿದ್ದಂಗೆ. ಅಷ್ಟು ಚೆನ್ನಾಗಿ ಕೇಳಿ ಎಷ್ಟು ದಿನ ಆಗಿತ್ತು." ಕ್ಷಮಿಸಿ ಎನ್ನುವ ಮಾತು ನನ್ನ ಬಾಯಿಯ ತನಕ ಬಂತು. ಹಿಂದೆ ಪುಟ್ಟಮ್ಮನ ಹೆಜ್ಜೆ ಸದ್ದು ಕೇಳಿ ನುಂಗಿಕೊಂಡೆ.

ಪುಟ್ಟಮ್ಮ ಅಂದು ಬಸ್ಸಿನಲ್ಲಿ ಬಾಯಿ ಬಿಡಲಿಲ್ಲ. ಹೊಟ್ಟೆನೋವೇ ಎಂದು ಶಿವಣ್ಣ ಕೇಳಿದ.

ಕಠ್ಮಂಡುವಿಗೆ ಹೋಗುವ ದಾರಿಯಲ್ಲಿ ಗುಡ್ಡದ ಓರೆಗೆ ಒಂದು ಸಣ್ಣ ದೇವಿ ಗುಡಿ. ಅಲ್ಲಿ ಕಾಯಿ ಒಡೆಯುವುದಿಲ್ಲ, ಇಡಿಯಾಗಿ ಅರ್ಪಿಸುತ್ತಾರೆ. ಯಜಮಾನರು ಉಳಿದಿದ್ದ ಎರಡು ಕಾಯಿಗಳಲ್ಲಿ ಒಂದನ್ನು ಕೊಟ್ಟರು. ಎಲ್ಲರ ದರ್ಶನ ಮುಗಿಯುವ ಹೊತ್ತಿಗೆ ಪುಟ್ಟಮ್ಮ ತಾನೂ ಒಂದು ಕಾಯಿ ಅರ್ಪಿಸಬೇಕೆಂದು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಕೊಂಡಳು. ಚೆನ್ನಾಗಿದೆಯೇ ನೋಡಲೆಂದು ಎಂದಿನಂತೆ ಯಜಮಾನರ ಕಡೆಗೆ ಚಾಚಿದಳು. ಚಾಚಿದವಳು ನಡುವೆ ಕೈ ತಡೆದಳು, ಆಮೇಲೆ ಕೊಟ್ಟಳು.

ಅವರು ಕಿವಿಗೆ ಹಿಡಿಯಲಿಲ್ಲ. ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಒಮ್ಮೆ ತೂಗಿದರು.

"ಇದು ನಂದು."

ಎಲ್ಲರೂ ನಕ್ಕರು. ಶಿವಣ್ಣ, "ಹೂಂ ಕಣಪ್ಪ, ಹಿಮಾಲಯದಾಗೂ ತ್ವಾಟ ಮಾಡವ್ರೆ ಯಜಮಾನ್ರು" ಎಂದ.

"ಬಾವಿ ಪಕ್ಕದ ಮರದ್ದು. ಒಂದು ಮಗ್ಗುಲು ಭಾರ, ಅದ್ರ ಕಾಯೆಲ್ಲ ಹಿಂಗೇಯ. ನರ್ಸಮ್ಮ, ಜುಟ್ಟು ಎತ್ತಿ ನೋಡಿ."

ಎತ್ತಿದೆ. ಬಿಳಿಯ ಬಣ್ಣದಲ್ಲಿ, ನನ್ನದೇ ಕೈಬರಹದಲ್ಲಿ, ೨೩. ದೇವಿಯ ಮುಂದೆ ಇಟ್ಟ ಕಾಯಿ ಹಿಂಬಾಗಿಲಿನಿಂದ ಇಳಿದು ನಮಗಿಂತ ಮೊದಲೇ ಅಂಗಡಿಗೆ ಬಂದು ಕೂತಿತ್ತು. ಅಂಗಡಿಯವನಿಗೆ ಅಂಕಿ ಅರ್ಥವಾಗಲಿಲ್ಲ. ಮೂವತ್ತೆಂಟು ಜನ ಒಟ್ಟಿಗೆ ತನ್ನನ್ನು ನೋಡುತ್ತಿರುವುದು ಮಾತ್ರ ಅರ್ಥವಾಯಿತು. ಪುಟ್ಟಮ್ಮನ ಹಣ ವಾಪಸು ಕೊಟ್ಟ. ಬಸ್ಸಿನಲ್ಲಿ ಎಲ್ಲರೂ ಯಜಮಾನರನ್ನು ಹೊಗಳಿದ್ದೇ ಹೊಗಳಿದ್ದು. ಪುಟ್ಟಮ್ಮ ಮಾತ್ರ ಹೊಗಳಲಿಲ್ಲ. ಅವರ ಅಂಗೈಗಳನ್ನೇ ನೋಡುತ್ತ ಕೂತಿದ್ದಳು.

ಹತ್ತು ದಿನಗಳ ನಂತರ ತಿಪಟೂರಿನಲ್ಲಿ ಇಳಿದೆವು. ನಾನು ಕೊನೆಯ ಸಲ ಚೀಲ ಎಣಿಸುತ್ತಿದ್ದೆ. ಪುಟ್ಟಮ್ಮ ಯಜಮಾನರ ಎದುರಿಗೆ ಹೋಗಿ, ತುಟಿ ಕಾಣುವಂತೆ ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ದೊಡ್ಡಪ್ಪಾ, ಬರೋ ಭಾನುವಾರ ಅಟ್ಟ ನೋಡಕ್ಕೆ ಬರ್ಬೇಕು. ನಮ್ಮನೇಲೇ ಊಟ."

ಯಜಮಾನರು ಚೀಲ ಕೆಳಗಿಟ್ಟರು. "ಗೊತ್ತಿದ್ದೂ ಕರೀತೀಯಾ?"

"ಗೊತ್ತಿದ್ದೇ ಕರೀತಿರೋದು."

ಭಾನುವಾರ ನಾನೂ ಹಂದನಕೆರೆಯ ಬಸ್ಸು ಹತ್ತಿದೆ. ಯಾರೂ ಕರೆದಿರಲಿಲ್ಲ. ವಾರದ ರಜೆಯಲ್ಲಿ ಬಟ್ಟೆ ಒಗೆಯುವ ನನ್ನ ಕ್ರಮವನ್ನು ಮುರಿದದ್ದು ಅದೊಂದೇ ಸಲ ಎಂದು ನೆನಪು. ಪುಟ್ಟಮ್ಮನ ಅಟ್ಟದಲ್ಲೂ ಗಾಜಿನ ಹೆಂಚು, ಅದೇ ಬಿಸಿಲಕೋಲು, ಅದೇ ಹೊಗೆ. ಯಜಮಾನರು ರಾಶಿಯ ಪಕ್ಕ ಕುಳಿತು ಮೊದಲು ಹೇಳಬೇಕಾದ್ದನ್ನು ಹೇಳಿದರು.

"ನನ್ನ ಕಿವಿ ಹೋಯ್ತಾ ಐತೆ ಪುಟ್ಟವ್ವ. ನೀನು ಕೇಳು, ನಾನು ಹಿಡ್ಕತೀನಿ. ಇಬ್ರೂ ಹೂಂ ಅಂದ್ರೆ ಹೂಂ."

ಅವಳು ಅಲ್ಲಾಡಿಸಿ ಕೇಳುವಳು, ಅವರಿಗೆ ದಾಟಿಸುವಳು. ಅವರು ಅಂಗೈಯಲ್ಲಿ ತೂಗುವರು. ಕೆಳಗೆ ಕೊಟ್ಟಿಗೆಯಲ್ಲಿ ಹಸುವಿನ ಕೊರಳಗಂಟೆ ಆಗೊಮ್ಮೆ ಈಗೊಮ್ಮೆ ಕೇಳುತ್ತಿತ್ತು. ಬಿಸಿಲಕೋಲು ರಾಶಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು.

"ಗಡಗಡ ಅಂತೈತಲ್ಲ ದೊಡ್ಡಪ್ಪಾ, ಒಡಸಾನ?"

"ಅಂತೈತೆ. ಆದ್ರೆ ಕೈಗೆ ಒಂಚೂರು ಎಳೀತದೆ. ಒಂದು ಕಡೆ ಇನ್ನೂ ಬಿಟ್ಟಿಲ್ಲ. ಈಗ ಕೇಳು. ಗಡ ಅಂದ್ಮೇಲೆ ಇನ್ನೊಂದು ಗಡ ಮೊಂಡ ಐತಾ ಇಲ್ವಾ?"

ಪುಟ್ಟಮ್ಮ ಮತ್ತೆ ಕೇಳಿದಳು. ಬಹಳ ಹೊತ್ತು ಕೇಳಿದಳು. ಅವಳ ಮುಖದಲ್ಲಿ ಯಾವುದೋ ಒಂದು ಬಾಗಿಲು ತೆರೆದಂತಾಯಿತು. "ಐತೆ ದೊಡ್ಡಪ್ಪಾ!"

"ಅದು ಹೋಗ್ಬೇಕು."

ಇಪ್ಪತ್ತು ದಿನ ಕಾದು ಒಡೆದರಂತೆ. ಉಂಡೆಗಳು ಇಡಿ ಇಡಿಯಾಗಿ ಬಿದ್ದವು. ಅಂದಿನಿಂದ ಸುತ್ತಿನ ಅಟ್ಟಗಳಿಗೆ ಇಬ್ಬರನ್ನೂ ಕರೆಯತೊಡಗಿದರು. ಕಿವಿಯ ವಿಷಯ ಎಲ್ಲರಿಗೂ ತಿಳಿಯಿತು, ಅವರೇ ಹೇಳಿದರು. ಒಂದು ಮನೆಯವರೂ ಏಣಿ ತೆಗೆಯಲಿಲ್ಲ.

ಪೋಖರಾದ ಕಲ್ಲನ್ನು ಅವರು ಬಿಸಾಡಿರಲಿಲ್ಲ. ಒಂದು ತೆಂಗಿನಕಾಯಿಯ ಕಣ್ಣು ಕೊರೆದು, ನೀರು ಬಸಿದು, ಇರುವೆಯ ದಾರಿಯಲ್ಲಿ ಇಟ್ಟರು. ಇರುವೆಗಳು ತಿಂಗಳುಗಟ್ಟಲೆ ತಿರುಳು ಹೊತ್ತು ಚಿಪ್ಪನ್ನು ಖಾಲಿ ಮಾಡಿಕೊಟ್ಟವು. ಅದರೊಳಗೆ ಆ ಕಲ್ಲನ್ನು ಹಾಕಿ ಕಣ್ಣಿಗೆ ಬೆಣೆ ಹೊಡೆದರು. ದಿನಾ ಬೆಳಿಗ್ಗೆ ಮುಖ ತೊಳೆದ ಕೂಡಲೇ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸುವುದು. ಕೇಳಿಸಿದರೆ ಅಂದು ಅಟ್ಟಕ್ಕೆ ಹೋಗಬಹುದು. ಕೇಳಿಸದ ದಿನ ಪುಟ್ಟಮ್ಮನೊಬ್ಬಳೇ ಸಾಕು. ಹೀಗೆಂದು ತಮಗೆ ತಾವೇ ಮಾಡಿಕೊಂಡ ಕಟ್ಟಳೆ.

"ಅದು ಮೋಸದ ಕಲ್ಲು. ಅದನ್ನೇ ಯಾಕೆ ಇಟ್ಟುಕೊಂಡಿದ್ದೀರಿ?" ಎಂದು ಒಮ್ಮೆ ಕೇಳಿದೆ.

"ಕಲ್ಲು ಮೋಸದ್ದೇಯ. ಸದ್ದು ಮೋಸದ್ದಲ್ವಲ್ಲ" ಎಂದರು.

ಮೂರು ಮಳೆಗಾಲ ಕಳೆದಿದ್ದವು. ಒಂದು ಸೋಮವಾರ, ಕೇಂದ್ರದ ಮುಂದೆ ದೊಡ್ಡ ಸಾಲು. ಯಜಮಾನರು ಸಾಲಿನಲ್ಲಿ ನಿಂತೇ ಬಂದು ನನ್ನ ಮೇಜಿನ ಮೇಲೆ ಆ ಕಾಯಿಯನ್ನು ಇಟ್ಟರು.

"ಇವತ್ತು ಕೇಳುಸ್ಲಿಲ್ಲ."

ನಾನು ಅದನ್ನು ಎತ್ತಿ ಅಲ್ಲಾಡಿಸಿದೆ. ನನಗೆ ಸ್ಪಷ್ಟವಾಗಿ ಕೇಳಿಸಿತು, ಚಿಪ್ಪಿನ ಒಳಗೋಡೆಗೆ ಸಣ್ಣ ಕಲ್ಲು ತಾಕುವ ಸದ್ದು. ಆ ಕೆರೆ, ತಲೆಕೆಳಗಾದ ಬೆಟ್ಟ, ಆಚೆ ದಡದಿಂದ ತಿರುಗಿ ಬಂದ ನನ್ನ ದನಿ, ಎಲ್ಲವೂ ಅದರೊಳಗಿಂದ ಬಂದಂತಾಯಿತು. ಮೂರು ವರ್ಷ ನುಂಗಿಕೊಂಡಿದ್ದ ಮಾತು ಹೊರಬಂತು.

"ಅವತ್ತು ನಾನು ಹಾಗೆ ಕೂಗಬಾರದಿತ್ತು ಯಜಮಾನ್ರೇ. ಕ್ಷಮಿಸಿ."

ಅವರು ಕಿವಿಯ ಹಿಂದೆ ಕೈಯಿಟ್ಟರು. "ಆಂ?"

ಮತ್ತೆ ಹೇಳಿದೆ. "ಆಂ?" ಎಂದರು. ಸಾಲು ನನ್ನನ್ನೇ ನೋಡುತ್ತಿತ್ತು. ಬೇರೆ ದಾರಿ ಇರಲಿಲ್ಲ. ಎದ್ದು ನಿಂತು, ಮೇಜಿನ ಮೇಲೆ ಬಗ್ಗಿ, ಬೀದಿಯ ಆಚೆಗೂ ಕೇಳುವಂತೆ ಕೂಗಿದೆ. "ಪೋಖರಾದಲ್ಲಿ ನಿಮ್ಮ ಗುಟ್ಟು ಬಿಟ್ಟುಕೊಟ್ಟೆ! ನನ್ನದು ತಪ್ಪಾಯ್ತು! ಕ್ಷಮಿಸಿ!"

ಜಗಲಿಯ ಮೇಲೆ ಮಲಗಿದ್ದ ನಾಯಿ ಎದ್ದು ಹೋಯಿತು. ಯಜಮಾನರು ನಗುತ್ತಿದ್ದರು.

"ಅವತ್ತೂ ನೀವು ಕೂಗಿದ್ದಕ್ಕೇ ಅಲ್ವಾ ನರ್ಸಮ್ಮ, ನಂಗೆ ಕೇಳುಸಿದ್ದು?"

ಅವರ ಕೆಮ್ಮು ಹಾಗೇ ಇತ್ತು. ಬಾಟಲಿಗೆ ಔಷಧ ತುಂಬಿ, ಮುಚ್ಚಳ ಬಿಗಿದು ಕೊಟ್ಟೆ. ಅವರು ಅದನ್ನು ತೆಗೆದುಕೊಂಡು, ಅಭ್ಯಾಸಬಲದಿಂದ ಬಲಗಿವಿಯ ಹತ್ತಿರ ಹಿಡಿದು, ಎರಡು ಸಲ ಅಲ್ಲಾಡಿಸಿ, ಕಣ್ಣು ಮುಚ್ಚಿದರು. ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು.

"ಇನ್ನೂ ಹಸಿ ಐತೆ" ಎಂದರು.

ಕೆಲಸದ ಹೊತ್ತಿನಲ್ಲಿ ನಾನು ನಕ್ಕದ್ದು ಅಂದೇ ಮೊದಲು.